ಜಾಕ್‌ವೆಲ್ ದೆವ್ವದ ಊಟ

ಹೊಸ ಮೋಟಾರ್ ಸೈಕಲ್ಲೊಂದು ಕಾಲುವೆಗೆ ಬಿದ್ದ ಮಧ್ಯಾಹ್ನದಿಂದ ದಿಗ್ಗೇವಾಡಿಗೆ ದೆವ್ವದ ಕಾಟ ಸುರುವಾಯಿತು.

ಅದಕ್ಕೂ ಮೊದಲು ಊರಿಗೆ ದೆವ್ವ ಇರಲಿಲ್ಲವೆಂದಲ್ಲ. ಹೊಳೆದಂಡೆಯ ಮೇಲೆ ಒಂದು ಹಳೆಯ ಜಾಕ್‌ವೆಲ್ ಇದೆ. ಹೊಲಗಳಿಗೆ ನೀರೆತ್ತಲು ಒಂದು ಕಾಲಕ್ಕೆ ಕಟ್ಟಿದ, ಗೋಪುರದಷ್ಟು ಎತ್ತರದ ದುಂಡನೆಯ ಸಿಮೆಂಟಿನ ಬಾವಿ. ಅದರ ಮೋಟಾರು ಕಿತ್ತುಕೊಂಡು ಹೋಗಿ ಎಷ್ಟೋ ವರ್ಷಗಳಾದವು. ಆದರೂ ಬಿಸಿಲು ನೆತ್ತಿಗೆ ಬಂದಾಗ ಒಳಗಿಂದ ಮೋಟಾರು ತಿರುಗುವ ಸದ್ದು ಕೇಳುತ್ತದೆ ಎನ್ನುತ್ತಿದ್ದರು. ರಾಡಿ ತೆಗೆಯಲು ಇಳಿದ ಆಳೊಬ್ಬ ಮೇಲೆ ಬರಲೇ ಇಲ್ಲವಂತೆ, ಅವನೇ ಇನ್ನೂ ಮೋಟಾರು ನಡೆಸುತ್ತಾನಂತೆ. ಆ ಹೊತ್ತಿನಲ್ಲಿ ಅತ್ತ ಯಾರೂ ಎಮ್ಮೆ ಹೊಡೆದುಕೊಂಡು ಹೋಗುತ್ತಿರಲಿಲ್ಲ. ಹಾಗಂತ ಆ ದೆವ್ವ ಯಾರ ಮನೆಗೂ ಬಂದದ್ದಿಲ್ಲ. ತನ್ನ ಪಾಡಿಗೆ ತಾನಿತ್ತು. ಅದನ್ನು ಊರೊಳಗೆ ಕರೆತಂದವನು ಕಾಮಣ್ಣ.

ಕಾಮಣ್ಣನಿಗೆ ಒಂದಿಷ್ಟು ಕಬ್ಬಿನ ಹೊಲ, ಎರಡು ಎಮ್ಮೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಕೆಲಸ. ಮನುಷ್ಯ ಒಳ್ಳೆಯವನೇ. ಆದರೆ ಪುಕ್ಕಲ. ಕತ್ತಲಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ಹೆಂಡತಿ ಗಂಗಾಳನ್ನು ಬಾಗಿಲಲ್ಲಿ ನಿಲ್ಲಿಸಿ, ಅವಳು ಕೆಮ್ಮುತ್ತಲೇ ಇರಬೇಕೆಂದು ತಾಕೀತು ಮಾಡುತ್ತಿದ್ದ. ಇದರ ಜೊತೆಗೆ ನಾಲ್ಕು ಜನ ತನ್ನನ್ನು ತಿರುಗಿ ನೋಡಬೇಕೆಂಬ ಸಣ್ಣ ಆಸೆಯೂ ಅವನಿಗಿತ್ತು. ಈ ಎರಡೂ ಗುಣ ಒಬ್ಬನಲ್ಲೇ ಇದ್ದದ್ದು ಊರಿನ ದುರ್ದೈವ.

ಆ ಭಾನುವಾರ ಗಂಗಾಳ ತಮ್ಮ ನಾಮದೇವ ಕಬ್ಬೂರಿನಿಂದ ಹೊಸ ಗಾಡಿಯ ಮೇಲೆ ಬಂದ. ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ತೆಗೆದಿರಲಿಲ್ಲ. "ಮಾಮಾ, ಗಾಡಿ ಮುಟ್ಟಬ್ಯಾಡ್ರಿ ಮತ್ತ" ಎಂದು ಹೇಳಿಯೇ ಉಂಡು ಅಡ್ಡಾದ. ಹಾಗೆ ಹೇಳದಿದ್ದರೆ ಕಾಮಣ್ಣ ಮುಟ್ಟುತ್ತಿರಲಿಲ್ಲವೋ ಏನೋ. ನಾಮದೇವನ ಗೊರಕೆ ಕೇಳಿಸಿದ ಕೂಡಲೇ ಗಾಡಿಯನ್ನು ಓಣಿಯ ತುದಿಯವರೆಗೆ ನೂಕಿಕೊಂಡು ಹೋಗಿ ಹತ್ತಿದ. ಹೊಳೆಯ ಹಾದಿ ಹಿಡಿದ. ಜಾಕ್‌ವೆಲ್ಲಿನ ಹತ್ತಿರ ಬಂದಾಗ, ಗಾಡಿಯ ಮೇಲೆ ತಾನು ಹೇಗೆ ಕಾಣಿಸುತ್ತೇನೆಂದು ನೋಡುವ ಮನಸ್ಸಾಗಿ ಎಡಗೈಯಿಂದ ಫೋನು ಎತ್ತಿ ಹಿಡಿದ. ಫೋಟೋ ಬಂತು. ಅದರಲ್ಲಿ ಅರ್ಧ ಆಕಾಶ, ಅರ್ಧ ಕಾಮಣ್ಣ. ಗಾಡಿ ಆಗಲೇ ಕಾಲುವೆಯಲ್ಲಿತ್ತು.

ಕುಂಟುತ್ತ ಗಾಡಿ ನೂಕಿಕೊಂಡು ಮನೆಗೆ ಬಂದರೆ ನಾಮದೇವ ಎದ್ದು ಕಟ್ಟೆಯ ಮೇಲೆ ಕೂತಿದ್ದ. ಒಡೆದ ಹೆಡ್‌ಲೈಟು ನೋಡಿದ, ಸೊಟ್ಟಗಾದ ಹ್ಯಾಂಡಲ್ ನೋಡಿದ, ಕೊನೆಗೆ ಅಕ್ಕನ ಗಂಡನನ್ನು ನೋಡಿದ.

"ಹೆಂಗ ಬಿತ್ತು?"

"ಹಾದ್ಯಾಗ ಒಬ್ಬ ಹೆಣ್ಮಗಳು ಅಡ್ಡ ಬಂದ್ಲೋ. ತಪ್ಪಿಸಾಕ ಹೋದ್ನಿ."

"ಯಾರಕಿ? ಹೆಸರ ಹೇಳ್ರಿ. ಈಗ ಅಕಿ ಮನಿಗೆ ಹೋಗೂಣು, ಹೆಡ್‌ಲೈಟ್ ಅವರ ಹಾಕಸಿಕೊಡ್ಲಿ."

ಇದನ್ನು ಕಾಮಣ್ಣ ಯೋಚಿಸಿರಲಿಲ್ಲ. ಊರಿನ ಯಾವ ಹೆಂಗಸಿನ ಹೆಸರು ಹೇಳಿದರೂ ಅವಳಿಗೊಂದು ಮನೆ ಇದೆ, ಮನೆಯಲ್ಲಿ ಗಂಡನೋ ಅಣ್ಣನೋ ಇದ್ದಾನೆ, ಅವನ ಕೈಯಲ್ಲಿ ಕುಡಗೋಲು ಇದೆ. ಯಾರೂ ಹೋಗಿ ವಿಚಾರಿಸಲಾರದ ಹೆಂಗಸು ಬೇಕಾಗಿತ್ತು.

"ಅಕಿ ಬದುಕಿದ್ದಾಕಿ ಅಲ್ಲೋ ತಮ್ಮಾ" ಎಂದ ಕಾಮಣ್ಣ.

ಒಳಗಿನಿಂದ ಗಂಗಾ ಹಿಟ್ಟಿನ ಕೈಯಲ್ಲೇ ಬಂದಳು. ಅಕ್ಕಪಕ್ಕದವರು ಸೇರಿದರು. ಕಾಮಣ್ಣನಿಗೆ ಮೊಣಕಾಲು ನೋಯುತ್ತಿತ್ತು, ಆದರೆ ಇಷ್ಟು ಜನ ತನ್ನ ಬಾಯಿ ನೋಡುತ್ತ ನಿಂತದ್ದು ಮದುವೆಯ ದಿನದ ನಂತರ ಇದೇ ಮೊದಲು.

"ಯಾ ಸೀರಿ ಉಟ್ಟಿದ್ಲು?" ಗಂಗಾ ಕೇಳಿದಳು.

ಕಾಮಣ್ಣನ ಎದುರಿಗೆ ಕಬ್ಬಿನ ಹೊಲವಿತ್ತು. "ಹಸರು" ಎಂದ.

"ಏನರ ಅಂದ್ಲೇನ?"

ಕನ್ನಡ ಮಾತಾಡಿದಳೆಂದರೆ ಓಣಿಯವರು ಯಾರಾದರೂ ನಮ್ಮ ಅತ್ತೆ, ನಮ್ಮ ಚಿಕ್ಕವ್ವ ಎಂದು ಹಕ್ಕು ಸಾಧಿಸಿಯಾರೆಂಬ ಅಂಜಿಕೆಯಿಂದ ಅವನು ದೆವ್ವದ ಬಾಯಲ್ಲಿ ಮರಾಠಿ ಹಾಕಿದ. "'ದಾದಾ, ಮಲಾ ಘರೀ ಸೋಡಾ' ಅಂದ್ಲು. ಮನಿಗೆ ಬಿಡು ಅಂತ."

ಆಗ ಹಿಂದೆ ತಟ್ಟೆ ಬಿದ್ದ ಸದ್ದಾಯಿತು. ಪಕ್ಕದ ಮನೆಯ ಹೊಳೆವ್ವ ಹೆಪ್ಪಿಗೆಂದು ಬಂದು ನಿಂತಿದ್ದಳು. ತಂದಿದ್ದ ಖಾಲಿ ತಟ್ಟೆ ಕೈಬಿಟ್ಟು, ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು.

"ನಮ್ಮ ಶುಭಾಂಗಿ" ಎಂದಳು. "ಹಸರು ಸೀರಿ ಮ್ಯಾಲನ ಹೋಗಿದ್ಲು."

ಎಲ್ಲರಿಗೂ ಆ ಕಥೆ ಗೊತ್ತಿತ್ತು. ಶುಭಾಂಗಿ ಹೊಳೆವ್ವನ ಸೊಸೆ, ಮಗ ಮಾಳಸಿದ್ದನ ಹೆಂಡತಿ, ನಿಪ್ಪಾಣಿ ಕಡೆಯ ಮರಾಠಿ ಹುಡುಗಿ. ಮಹಾಪೂರ ಬಂದ ವರ್ಷ ಊರೆಲ್ಲ ಗಂಜಿ ಕೇಂದ್ರದ ಸಾಲೆಯಲ್ಲಿದ್ದಾಗ ಅತ್ತೆ ಸೊಸೆಗೆ ಜಗಳವಾಗಿತ್ತು. ಮನೆ ಬಿಡುವ ಗಡಿಬಿಡಿಯಲ್ಲಿ ಶುಭಾಂಗಿ ಎಮ್ಮೆಯ ಹಗ್ಗ ಬಿಚ್ಚುವುದನ್ನು ಮರೆತಿದ್ದಳು. ಕಟ್ಟಿದಲ್ಲೇ ಎಮ್ಮೆ ಮುಳುಗಿತ್ತು. "ಎಮ್ಮಿ ಬದಲಿ ನೀ ಹೋಗಬೇಕಿತ್ತು" ಎಂದಿದ್ದಳು ಹೊಳೆವ್ವ, ಎಲ್ಲರ ಮುಂದೆ. ಮರುದಿನ ಬೆಳಿಗ್ಗೆ ಸೊಸೆ ಇರಲಿಲ್ಲ. ನೀರು ಇಳಿದ ಮೇಲೆ ಅವಳ ಒಂದು ಚಪ್ಪಲಿ ಜಾಕ್‌ವೆಲ್ಲಿನ ಕೆಸರಿನಲ್ಲಿ ಸಿಕ್ಕಿತು. ಅಂದಿನಿಂದ ಹೊಳೆವ್ವ ಹೊಳೆಯ ಕಡೆ ಮುಖ ಮಾಡಿದವಳಲ್ಲ.

"ಮನಿಗೆ ಬಿಡು ಅಂದ್ಲಾ?" ಅವಳು ಮತ್ತೊಮ್ಮೆ ಕೇಳಿದಳು.

ಇಲ್ಲ ಯವ್ವಾ, ನಾನು ಸುಳ್ಳು ಹೇಳಿದೆ ಎನ್ನಲು ಕಾಮಣ್ಣ ಬಾಯಿ ತೆರೆದ. ನಾಮದೇವ ಅವನನ್ನೇ ನೋಡುತ್ತಿದ್ದ. "ಹೌದ್ರಿ" ಎಂದ ಕಾಮಣ್ಣ.

ಮಾಳಸಿದ್ದ ಅಂದು ಊರಿನಲ್ಲೇ ಇದ್ದ. ಅವನು ವಾರವೆಲ್ಲ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿದು ರವಿವಾರಕ್ಕೆ ತಾಯಿಯ ಹತ್ತಿರ ಬರುವವನು. ಹೆಂಡತಿ ಹೋದ ಮೇಲೆ ಎಷ್ಟು ಕನ್ಯೆ ತೋರಿಸಿದರೂ ಒಪ್ಪಿರಲಿಲ್ಲ. ಎಂಥಾ ದುಃಖ ನೋಡ್ರಿ ಪಾಪ ಎಂದು ಊರಿನ ಹೆಂಗಸರು ಅವನನ್ನು ತಮ್ಮ ಗಂಡಂದಿರಿಗೆ ಉದಾಹರಣೆ ಕೊಡುತ್ತಿದ್ದರು. ಸುದ್ದಿ ಕೇಳಿ ಅವನ ಮುಖ ಸುಣ್ಣದಂತಾಯಿತು. "ಯಾವಾಗ? ಇವತ್ತ? ಖರೇನ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಹೋದ.

ಸ್ವಲ್ಪ ಹೊತ್ತಿಗೆ ಕಾಮಣ್ಣ ಎಮ್ಮೆಗೆ ಹಿಂಡಿ ಇಡಲು ಕೊಟ್ಟಿಗೆಗೆ ಹೋದ. ಕೊಟ್ಟಿಗೆಯ ಗೋಡೆಯ ಆಚೆ ಹೊಳೆವ್ವನ ಹಿತ್ತಿಲು. ಅಲ್ಲಿಂದ ಮಾಳಸಿದ್ದನ ದನಿ ಕೇಳಿಸಿತು, ಬಹಳ ಸಣ್ಣಗೆ.

"ಶುಭಾ. ಶುಭಾ, ತೂ ಠೀಕ ಆಹೇಸ ನಾ?" ನೀನು ಆರಾಮ ಇದ್ದೀಯಲ್ಲ ಎಂದು ಕೇಳುತ್ತಿದ್ದ.

ಆಮೇಲೆ ಇನ್ನೊಂದು ದನಿ ಬಂತು. ಹೆಣ್ಣುದನಿ. ಬಾವಿಯ ತಳದಿಂದ ಬಂದಂತೆ ತೆಳ್ಳಗೆ, ಗರಗರ ಅನ್ನುತ್ತ. ಮಾತು ತಿಳಿಯಲಿಲ್ಲ. ಕೊನೆಗೆ ಅದು ನಕ್ಕದ್ದು ಮಾತ್ರ ತಿಳಿಯಿತು. ಮಾಳಸಿದ್ದನೂ ನಕ್ಕ.

ಹಿಂಡಿಯ ಬುಟ್ಟಿ ಕಾಮಣ್ಣನ ಕೈಯಲ್ಲೇ ಇತ್ತು. ಎಮ್ಮೆ ತಾನೇ ಕತ್ತು ಚಾಚಿ ತಿಂದು ಮುಗಿಸಿತು. ದೆವ್ವವನ್ನು ಕಟ್ಟಿದವನು ತಾನು, ಹಸಿರು ಸೀರೆ ಉಡಿಸಿದವನು ತಾನು, ಮರಾಠಿ ಕಲಿಸಿದವನು ತಾನು. ಈಗ ಅದು ಗೋಡೆಯ ಆಚೆ ಗಂಡನ ಜೊತೆ ನಗುತ್ತ ಕೂತಿದೆ. ಆ ರಾತ್ರಿ ಅವನಿಗೆ ಜ್ವರ ಬಂತು.

ಹೊಳೆವ್ವ ಮರುದಿನದಿಂದ ಸರಿಯಾಗಿ ಉಣ್ಣಲಿಲ್ಲ. ಗಂಗಾ ರೊಟ್ಟಿ ಒಯ್ದು ಕೊಟ್ಟರೆ, "ಮನಿಗೆ ಬರಬೇಕಂತಾಳ. ನಾ ಹೊಳಿಗೆ ಹೋಗು ಅಂದಾಕಿ. ಹೆಂಗ ಉಣ್ಣಲವ್ವಾ" ಎಂದು ತಟ್ಟೆ ಸರಿಸುತ್ತಿದ್ದಳು. ಬಾಗಿಲು ಮಾತ್ರ ಹಗಲೂ ರಾತ್ರಿ ತೆರೆದಿಟ್ಟಳು. ಓಣಿಯ ಉಳಿದ ಬಾಗಿಲುಗಳೆಲ್ಲ ಅದೇ ಕಾರಣಕ್ಕೆ ಮುಚ್ಚಿಕೊಂಡವು.

ಅದೇ ವಾರ ಚಿಕ್ಕೋಡಿಯಿಂದ ಸಮ್ಮೇದನೆಂಬ ತರುಣ ಕಾರಿನಲ್ಲಿ ಬಂದ. ದೆವ್ವವಿರುವ ಜಾಗಗಳಿಗೆ ಹೋಗಿ ವಿಡಿಯೋ ಮಾಡಿ ಫೋನಿನಲ್ಲಿ ಬಿಡುವುದು ಅವನ ಕೆಲಸ. ಅಥಣಿ ಕಡೆಯ ಹಾಳುಬಿದ್ದ ಗಿರಣಿಯೊಂದರಲ್ಲಿ ತಲೆಯಿಲ್ಲದ ಹಮಾಲ, ಕಾಗವಾಡದ ಹತ್ತಿರದ ತೋಟದ ಬಾವಿಯಲ್ಲಿ ಬಟ್ಟೆ ಒಗೆಯುವ ಮುದುಕಿ, ಉಗಾರ ಖುರ್ದದ ಹಾದಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನೇತಾಡಿಕೊಂಡು ಬರುವ ಎರಡು ಕೈ, ಎಲ್ಲವನ್ನೂ ಅವನು ತೋರಿಸಿದ್ದಾನಂತೆ.

"ಕಾಮಣ್ಣ್ಯಾರ, ಅಂಜಬ್ಯಾಡ್ರಿ. ನಾ ಅದೀನಿ" ಎಂದು ಅವನನ್ನು ಕಾರಿನಲ್ಲಿ ಹಾಕಿಕೊಂಡು ಸರಿಯಾಗಿ ಮಧ್ಯಾಹ್ನಕ್ಕೆ ಜಾಕ್‌ವೆಲ್ಲಿಗೆ ಹೋದ. ಹೋದ ಮೇಲೆ ಕಾರಿನ ಗಾಜು ಮೇಲೇರಿಸಿ, ಫೋನನ್ನು ಒಳಗಿನಿಂದಲೇ ಹಿಡಿದು, "ಇಳೀರಿ. ಅಕಿ ನಿಂತ ಜಾಗಾ ತೋರಸ್ರಿ" ಎಂದ.

"ನೀವೂ ಬರ್ರಿ."

"ನಾ ಇಳದ್ರ ಬೆಳಕ ಸರಿ ಬರೂದಿಲ್ರಿ."

ಕಾಮಣ್ಣ ಇಳಿದ. ಸುತ್ತ ಗಾಳಿ ಇರಲಿಲ್ಲ. ಕಬ್ಬಿನ ಗರಿ ಅಲ್ಲಾಡುತ್ತಿರಲಿಲ್ಲ. ಹೊಳೆ ಹರಿಯುತ್ತಿತ್ತು, ಸದ್ದಿರಲಿಲ್ಲ. ಜಾಕ್‌ವೆಲ್ಲಿನ ನೆರಳು ಅದರ ಬುಡದಲ್ಲೇ ಮುದುಡಿ ಕೂತಿತ್ತು. ಅವನು ಹಾದಿಯ ಕಡೆ ಕೈ ತೋರಿಸಿದ. ಅಷ್ಟರಲ್ಲಿ ಬಾವಿಯ ಒಳಗಿನಿಂದ ಸಣ್ಣಗೆ ಗುಂಯ್ ಎಂಬ ಸದ್ದು ಎದ್ದಿತು. ನಿಂತಿತು. ಮತ್ತೆ ಎದ್ದಿತು. ಕಾಮಣ್ಣ ತಿರುಗಿ ನೋಡಿದರೆ ಕಾರು ಹಿಂದಕ್ಕೆ ಹೋಗುತ್ತಿತ್ತು. ಅದು ಮುಖ ತಿರುಗಿಸಲೂ ಪುರಸೊತ್ತಿಲ್ಲದೆ ಊರ ಅಗಸೆಯವರೆಗೂ ಹಾಗೇ ಹಿಂದಕ್ಕೇ ಹೋಯಿತು. ಕಾಮಣ್ಣ ನೋಯುವ ಮೊಣಕಾಲಿನಲ್ಲೇ ಅದರ ಬೆನ್ನು ಹತ್ತಿ ಓಡಿದ.

ವಿಡಿಯೋ ಅದ್ಭುತವಾಗಿ ಬಂತು. ಅದರಲ್ಲಿ ಕಾಮಣ್ಣ ಓಡಿ ಬರುವುದಿತ್ತು, ಹಿಂದೆ ಜಾಕ್‌ವೆಲ್ ಇತ್ತು, ಕೊನೆಗೆ ಹೊಳೆವ್ವನ ಮನೆಯ ಗೋಡೆಯಿಂದ ತೆಗೆದುಕೊಂಡ ಶುಭಾಂಗಿಯ ಮದುವೆಯ ಫೋಟೋ ಇತ್ತು. ರಾಯಬಾಗದಲ್ಲಿ ನೋಡಿದರು, ಅಥಣಿಯಲ್ಲಿ ನೋಡಿದರು, ನಿಪ್ಪಾಣಿಯಲ್ಲೂ ನೋಡಿದರು. ಅಲ್ಲಿಂದ ಇಲ್ಲಿಂದ ಗಾಡಿ ಹಾಕಿಕೊಂಡು ಜನ ದೆವ್ವ ನೋಡಲು ಬರತೊಡಗಿದರು. ಬಂದವರು ಜಾಕ್‌ವೆಲ್ಲಿನಿಂದ ದೂರದಲ್ಲಿ ನಿಂತು, ಬೆನ್ನು ಅತ್ತ ಮಾಡಿ, ತಮ್ಮ ಫೋಟೋ ತೆಗೆದುಕೊಂಡು, ಕಾಮಣ್ಣನ ಮನೆ ಎಲ್ಲಿ ಎಂದು ಕೇಳುತ್ತಿದ್ದರು. ಕಾಮಣ್ಣ ಕಂಬಳಿ ಹೊದ್ದು ಮಲಗಿರುತ್ತಿದ್ದ. ನಾಲ್ಕು ಜನ ನೋಡಬೇಕೆಂಬ ಅವನ ಆಸೆ ಪೂರ್ತಿ ತೀರಿತ್ತು.

ಪಂಚಾಯತಿ ಸದಸ್ಯ ಭೀಮಗೊಂಡ ಕಡೆಗೆ ಜನರನ್ನು ಕೂಡಿಸಿದ. "ಹಿಂಗ ಬಿಟ್ರ ಆಗೂದಿಲ್ಲ. ಆಳ ಮಂದಿ ಹೊಳಿ ಕಡೆ ಹೊಲಕ್ಕ ಬರವಲ್ರು. ಅಮಾಸಿ ದಿನ ಮಧ್ಯಾಹ್ನ ಅಕಿಗೆ ಎಡಿ ಇಡೂಣು. ಹೊಟ್ಟಿ ತುಂಬ ಉಂಡು ಹೋಗವ್ವಾ ಅಂತ ಬೇಡಿಕೊಳ್ಳೂಣು."

"ಹೋಗು ಅನ್ನಬ್ಯಾಡ್ರಿ" ಎಂದಳು ಹೊಳೆವ್ವ. "ಹೋಗು ಅಂದದ್ದಕ್ಕ ಇದೆಲ್ಲಾ ಆಗೇತಿ."

"ಎಡಿ ಯಾರು ಹಿಡೀಬೇಕ್ರಿ?" ಗುಂಪಿನಿಂದ ಯಾರೋ ಕೇಳಿದರು.

ಎಲ್ಲರೂ ಕಾಮಣ್ಣನನ್ನು ನೋಡಿದರು. ದೆವ್ವಕ್ಕೆ ಅವನ ಪರಿಚಯವಿತ್ತು.

ಮಾಳಸಿದ್ದ ಆ ದಿನ ಮೂಲೆಯಲ್ಲಿ ನಿಂತಿದ್ದ. "ಬ್ಯಾಡವ್ವಾ, ಎಡಿ ಗಿಡಿ ಏನೂ ಬ್ಯಾಡ" ಎಂದ.

"ಯಾಕ ಬ್ಯಾಡ?"

ಅವನು ತಾಯಿಯ ಮುಖ ನೋಡಿದ. "ಸುಮ್ನ ಅಂದ್ನಿ" ಎಂದ.

ಅಮಾವಾಸ್ಯೆ ಬಂತು. ಹೊಳೆವ್ವ ನಸುಕಿನಲ್ಲೇ ಎದ್ದು ತಾನೇ ಅಡಿಗೆ ಮಾಡಿದಳು. ಹೂರಣದ ಹೋಳಿಗೆ, ಕಟ್ಟಿನ ಸಾರು, ಹೆಸರುಕಾಳಿನ ಉಸಳಿ, ಬದನೆಕಾಯಿ ಎಣಗಾಯಿ. ಎಣಗಾಯಿಗೆ ಶೇಂಗಾಪುಡಿ ಜಾಸ್ತಿ ಹಾಕಿದಳು. ಸೊಸೆಗೆ ಹಾಗೆ ಸೇರುತ್ತಿತ್ತು. ಇದ್ದಾಗ ಒಮ್ಮೆಯೂ ಹಾಗೆ ಹಾಕಿರಲಿಲ್ಲ.

ಊರು ಹೊಳೆಯ ಹಾದಿ ಹಿಡಿಯಿತು. ಮುಂದೆ ತಲೆಯ ಮೇಲೆ ಎಡೆಯ ಬುಟ್ಟಿ ಹೊತ್ತ ಕಾಮಣ್ಣ. ಅವನ ಹಿಂದೆ ಮಾಳಸಿದ್ದನ ಹೆಗಲು ಹಿಡಿದ ಹೊಳೆವ್ವ. ಅವಳ ಹಿಂದೆ, ಸಾಕಷ್ಟು ದೂರ ಬಿಟ್ಟು, ಭೀಮಗೊಂಡ ಮತ್ತು ಉಳಿದವರು. ಕಾಮಣ್ಣ ನಿಂತರೆ ಎಲ್ಲರೂ ನಿಲ್ಲುತ್ತಿದ್ದರು. ಕಾಮಣ್ಣ ಸೀನಿದಾಗ ಹಿಂದಿನ ಸಾಲು ಆಗಲೇ ಅರ್ಧ ಹಾದಿ ವಾಪಸು ಹೋಗಿತ್ತು, ಮತ್ತೆ ಕರೆದುಕೊಂಡು ಬರಬೇಕಾಯಿತು.

ಜಾಕ್‌ವೆಲ್ಲಿನ ಮುಂದೆ ಬಾಳೆಯ ಎಲೆ ಹಾಸಿದರು. ಅರಿಷಿಣ ಕುಂಕುಮ, ಲಿಂಬೆಹಣ್ಣು ಇಟ್ಟರು. ಹೊಳೆವ್ವ ಕೂತು ಬಡಿಸಿದಳು. "ಬಾರವ್ವಾ ಶುಭಾಂಗಿ" ಎಂದಳು. "ಬಂದು ಉಣ್ಣು."

ಬಾವಿಯೊಳಗೆ ಗುಂಯ್ ಎಂದಿತು.

ಅಷ್ಟರಲ್ಲಿ ಕಬ್ಬಿನ ಮಧ್ಯದ ಕಾಲುಹಾದಿಯಿಂದ, ಬಸ್ಸು ನಿಲ್ಲುವ ಬೋರ್ಡಿನ ಕಡೆಯಿಂದ, ಒಬ್ಬ ಹೆಣ್ಣುಮಗಳು ಹೊರಗೆ ಬಂದಳು. ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದಿದ್ದಳು. ಕೈ ಹಿಡಿದುಕೊಂಡು ಒಂದು ಸಣ್ಣ ಹುಡುಗಿ ಬರುತ್ತಿತ್ತು. ಆಕೆ ಸೆರಗು ಸರಿಸಿ, ಅಷ್ಟು ಜನರನ್ನು ಒಮ್ಮೆ ನೋಡಿದಳು. ಗೋಡೆಯ ಮೇಲಿನ ಫೋಟೋದ ಮುಖವೇ. ಸ್ವಲ್ಪ ಕಪ್ಪಾಗಿತ್ತು, ಅಷ್ಟೇ.

ಯಾರೂ ಕೂಗಲಿಲ್ಲ. ಕೂಗಲು ಉಸಿರು ಬೇಕು. ಒಮ್ಮೆಲೇ ಕಬ್ಬು ಮುರಿಯುವ ಸದ್ದು ಮಾತ್ರ ಕೇಳಿಸಿತು. ಭೀಮಗೊಂಡನ ಒಂದು ಚಪ್ಪಲಿ ಹಾದಿಯಲ್ಲಿತ್ತು, ಭೀಮಗೊಂಡ ಇರಲಿಲ್ಲ. ಊರೆಲ್ಲ ದೆವ್ವಕ್ಕೆ ಅಂಜಿ ಓಡಿತು. ಮಾಳಸಿದ್ದ ತಾಯಿಗೆ ಅಂಜಿ ಓಡಿದ.

ಓಡದೆ ಉಳಿದವರು ಇಬ್ಬರೇ. ಹೊಳೆವ್ವನಿಗೆ ಮೊಣಕಾಲು ನೋವು, ಹಿಡಿದೆಬ್ಬಿಸುವವರಿಲ್ಲದೆ ಏಳಲಾರಳು. ಕಾಮಣ್ಣ ಖಾಲಿ ಬುಟ್ಟಿಯನ್ನು ಮುಖದ ಮೇಲೆ ಬೋರಲು ಹಾಕಿಕೊಂಡು ನಿಂತಿದ್ದ. ಹೆಜ್ಜೆಯ ಸದ್ದು ಹತ್ತಿರ ಬಂತು.

"ಕಾಮಣ್ಣ ಕಾಕಾ ನೀವ ಅಲ್ಲಾ?" ಬುಟ್ಟಿಯ ಆಚೆಯಿಂದ ಮಾತು ಕೇಳಿಸಿತು.

ಕಾಮಣ್ಣ ಬುಟ್ಟಿಯ ಸಂದಿಯಿಂದ ನೋಡಿದ. "ಅಲ್ಲ" ಎಂದ.

"ನಾ ಯಾವಾಗ ನಿಮ್ಮ ಗಾಡಿಗೆ ಅಡ್ಡ ಬಂದಿದ್ನಿ ಕಾಕಾ? ನಿಪ್ಪಾಣ್ಯಾಗ ನನ್ನ ಮಗಳಿಗೆ ಅಂಗನವಾಡ್ಯಾಗ ಹುಡುಗ್ರು 'ಭೂತಾಚೀ ಪೋರಗೀ' ಅಂತ ಕರ್ಯಾಕತ್ತಾವು. ದೆವ್ವದ ಮಗಳಂತ. ಊಟ ಬಿಟ್ಟು ಅಳತೈತಿ ಕೂಸು. ನೀರಿನ ನಳದ ಹತ್ರ ನಾ ಹೋದ್ರ ಹೆಂಗಸರು ಕೊಡ ಬಿಟ್ಟು ಓಡ್ತಾರ. ಬದುಕಿದ್ದಾಕಿನ ಯಾಕ ಸಾಯಿಸಿದ್ರಿ?"

"ಹೆಡ್‌ಲೈಟ್ ಒಡದಿತ್ತವ್ವಾ" ಎಂದ ಕಾಮಣ್ಣ. ಬೇರೆ ಏನೂ ನೆನಪಾಗಲಿಲ್ಲ.

ಕೆಳಗಿನಿಂದ ಹೊಳೆವ್ವನ ದನಿ ಬಂತು. "ಕಾಲ ತೋರಿಸು."

ಶುಭಾಂಗಿ ತಿರುಗಿದಳು. ಅತ್ತೆಯ ಮುಂದೆ ಹೋಗಿ ನಿಂತು, ಸೀರೆಯ ಅಂಚನ್ನು ಸ್ವಲ್ಪ ಎತ್ತಿ, ಚಪ್ಪಲಿ ಕಳಚಿ ಪಾದ ಮುಂದಿಟ್ಟಳು. ಬೆರಳುಗಳು ಮುಂದಕ್ಕೇ ಇದ್ದವು. ಹಿಮ್ಮಡಿ ಒಡೆದಿತ್ತು. ಹೊಳೆವ್ವ ಎರಡೂ ಕೈಯಿಂದ ಆ ಪಾದವನ್ನು ಒತ್ತಿ ನೋಡಿದಳು.

"ಬಿಸಿ ಐತಿ" ಎಂದಳು. ಕೈ ತೆಗೆಯಲಿಲ್ಲ. "ಎಲ್ಲಿದ್ದಿ?"

"ನಿಪ್ಪಾಣ್ಯಾಗ. ಮೊದಲ ಮಾವಶಿ ಮನ್ಯಾಗ. ಈಗ ಬ್ಯಾರೆ ಖೋಲಿ ಮಾಡೇವಿ."

"ಮಾಡೇವಿ ಅಂದ್ರ? ಯಾರ್ಯಾರು?"

ಶುಭಾಂಗಿ ಮುರಿದ ಕಬ್ಬಿನ ಕಡೆ ನೋಡಿದಳು. "ನಾನು, ಇಕಿ, ಮತ್ತ ನಿಮ್ಮ ಮಗ."

ಹೊಳೆವ್ವ ಹುಡುಗಿಯನ್ನು ಈಗ ಸರಿಯಾಗಿ ನೋಡಿದಳು. ಅದು ತಾಯಿಯ ಹಿಂದೆ ನಿಂತು ಹೋಳಿಗೆಯನ್ನು ನೋಡುತ್ತಿತ್ತು.

"ಹೋಗುವಾಗ ಹೊಟ್ಯಾಗಿತ್ತು" ಎಂದಳು ಶುಭಾಂಗಿ. "ನನಗೂ ಆಮ್ಯಾಲ ಗೊತ್ತಾತು. ಚಪ್ಪಲಿ ಒಂದು ಕೆಸರಾಗ ಹುಗಿದು ಹೋತು, ಇನ್ನೊಂದ್ನ ನೀರಿಗೆ ಒಗದು ಬರಿಗಾಲಲೇ ನಡದ್ನಿ. ಎಮ್ಮಿ ಬದಲಿ ನೀ ಹೋಗು ಅಂದಿದ್ರಿ. ಹೋದ್ನಿ. ಅತ್ತಿ ಕರದ್ರ ಬರ್ತೀನಿ ಅಂತ ಇವರ ಕಡೆ ಹೇಳಿ ಕಳಿಸಿದ್ನಿ. ಬರೂದು ಬ್ಯಾಡ ಅಂದಾಳ ಅಂತ ಬಂದು ಹೇಳಿದ್ರು."

"ನನಗ ಯಾರೂ ಕೇಳಿಲ್ಲ" ಎಂದಳು ಹೊಳೆವ್ವ. "ನನ್ನ ಮುಂದ ಅಂವ ಹೊಳಿ ಪಾಲಾದ್ಲು ಅಂತ ಅತ್ತ."

ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಮಣ್ಣನಿಗೆ ಕೊಟ್ಟಿಗೆಯ ಗೋಡೆಯ ಆಚೆ ಕೇಳಿಸಿದ್ದು ಫೋನಿನ ಮಾತೆಂದು ಈಗ ಹೊಳೆಯಿತು. ಅವನು ಬುಟ್ಟಿಯನ್ನು ಮೆಲ್ಲಗೆ ಮುಖದಿಂದ ಇಳಿಸಿದ.

ಆಗಿದ್ದು ಇಷ್ಟು. ಹೆಂಡತಿ ಸಿಕ್ಕ ಸುದ್ದಿ ಹೇಳಲು ಮಾಳಸಿದ್ದ ನಿಪ್ಪಾಣಿಯಿಂದ ಓಡಿ ಬಂದ ದಿನ ಮನೆಯಲ್ಲಿ ಅಳಲು ಜನ ಸೇರಿದ್ದರು. ಅಷ್ಟು ಜನರ ಅಳುವನ್ನು ನಿಲ್ಲಿಸುವ ಧೈರ್ಯ ಸಾಲದೆ ಅವನೂ ಕೂತು ಅತ್ತ. ನಾಳೆ ಹೇಳೋಣ ಎಂದುಕೊಂಡ. ಆ ನಾಳೆ ಇವತ್ತಿನವರೆಗೆ ಬಂದಿರಲಿಲ್ಲ. ಅಲ್ಲಿ ಹೆಂಡತಿಗೆ ತಾಯಿಯ ಸಿಟ್ಟು ಹೇಳುತ್ತ, ಇಲ್ಲಿ ತಾಯಿಗೆ ಹೆಂಡತಿಯ ದುಃಖ ತೋರಿಸುತ್ತ ದಿನ ಕಳೆದಿದ್ದ.

"ಎಮ್ಮಿ ಮಾತು ನಾ ಆಡಬಾರದಿತ್ತು" ಎಂದಳು ಹೊಳೆವ್ವ. ಬಹಳ ದಿನದಿಂದ ಬಾಯಲ್ಲೇ ಇಟ್ಟುಕೊಂಡ ಮಾತಿನಂತೆ ಅದು ಸಲೀಸಾಗಿ ಬಂತು. ಆಮೇಲೆ ಕೇಳಿದಳು, "ಹಸದೀರೇನ?"

"ಮುಂಜಾನಿ ಬಸ್ಸಿಗೆ ಬಿಟ್ಟೇವಿ."

ಹೊಳೆವ್ವ ಎಲೆಯ ಮೇಲಿನ ಲಿಂಬೆಹಣ್ಣು ತೆಗೆದು ಹೊಳೆಗೆ ಒಗೆದಳು. ಅರಿಷಿಣ ಕುಂಕುಮದ ಕಡೆಯ ಎಲೆಯನ್ನು ಹರಿದು ತೆಗೆದಳು. "ನಿನಗಂತನ ಮಾಡಿದ್ದು. ಕೂಡು."

ಶುಭಾಂಗಿ ಕೂತಳು. ತನ್ನ ದೆವ್ವಕ್ಕಿಟ್ಟ ಊಟವನ್ನು ತಾನೇ ಉಂಡಳು. ಹುಡುಗಿ ಪಕ್ಕದಲ್ಲಿ ಕೂತು ಹೋಳಿಗೆ ತಿಂದು, ಇನ್ನೊಂದು ಬೇಕು ಎಂದಿತು. ಹೊಳೆವ್ವ ಇನ್ನೊಂದು ಹಾಕಿದಳು.

ದೂರದ ಕಬ್ಬಿನೊಳಗೆ ಬಗ್ಗಿ ಕೂತಿದ್ದ ಭೀಮಗೊಂಡ ಇದನ್ನು ನೋಡಿ ಪಕ್ಕದವರಿಗೆ ಹೇಳಿದ. "ಉಣ್ಣಾಕತ್ತೈತಿ. ಎಡಿ ಒಪ್ಪೈತಿ. ಸಣ್ಣದೂ ಒಂದ್ ಬಂದೈತಿ, ಅದೂ ಒಪ್ಪೈತಿ." ಎಲ್ಲರೂ ಕೂತಲ್ಲೇ ಕೈ ಮುಗಿದರು.

ಸಂಜೆಗೆ ಹೊಳೆವ್ವ ಸೊಸೆಯ ಹೆಗಲು ಹಿಡಿದು, ಮೊಮ್ಮಗಳನ್ನು ಮುಂದೆ ಬಿಟ್ಟುಕೊಂಡು ಊರೊಳಗೆ ಬಂದಾಗ ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಕಾಮಣ್ಣ ಖಾಲಿ ಬುಟ್ಟಿ ಹಿಡಿದು ಮುಂದೆ ಮುಂದೆ ಹೋಗುತ್ತ, "ಬದುಕ್ಯಾಳ್ರಿ, ನಾ ಸುಳ್ಳ ಹೇಳಿದ್ನಿ, ಬದುಕ್ಯಾಳ" ಎಂದು ಪ್ರತಿ ಬಾಗಿಲಿಗೂ ಹೇಳಿದ. ಯಾರೂ ನಂಬಲಿಲ್ಲ. ಕಾಮಣ್ಣನಿಗೆ ದೆವ್ವ ಪೂರಾ ಹಿಡಿದಿದೆ, ಈಗ ಅದರ ಪರವಾಗಿ ಮಾತಾಡುತ್ತಾನೆ ಎಂದರು.

ಸಮ್ಮೇದ ಮತ್ತೊಮ್ಮೆ ಬಂದ. ಈ ಸಲ ಕಾರಿನಿಂದ ಇಳಿದು, ಶುಭಾಂಗಿಯನ್ನು ಕಟ್ಟೆಯ ಮೇಲೆ ಕೂಡಿಸಿ, ತಾನು ಬದುಕಿದ್ದೇನೆಂದು ಅವಳ ಬಾಯಿಂದಲೇ ಹೇಳಿಸಿದ. ಆ ವಿಡಿಯೋ ಯಾರೂ ನೋಡಲಿಲ್ಲ. ನೋಡಿದವರೂ ದೆವ್ವ ಬಹಳ ಚಲೋ ಮಾತಾಡುತ್ತದೆ ಎಂದು ಬರೆದರು. ಊರಿನವರ ಸಂಶಯ ಕಳೆದದ್ದು ಗಂಗಾಳಿಂದ. ಹೊಳೆವ್ವನ ಮನೆಯಲ್ಲಿ ಮೆಣಸಿನಕಾಯಿ ಕುಟ್ಟುವಾಗ ಶುಭಾಂಗಿ ಘಾಟು ಹತ್ತಿ ಕೆಮ್ಮಿ, ಸೀನಿ, ಕಣ್ಣು ಮೂಗು ಒರೆಸಿಕೊಂಡದ್ದನ್ನು ಅವಳು ಕಿಟಕಿಯಿಂದ ನೋಡಿದಳು. "ದೆವ್ವಕ್ಕ ಖಾರ ಹತ್ತೂದಿಲ್ಲ" ಎಂದು ಓಣಿಗೆಲ್ಲ ತೀರ್ಪು ಕೊಟ್ಟು, ಚಹಾಕ್ಕೆ ಕರೆದಳು. ಆಮೇಲೆ ಉಳಿದವರೂ ಕರೆದರು. ಕಾಮಣ್ಣ ಮಾತ್ರ ಶುಭಾಂಗಿ ಎದುರಿಗೆ ಬಂದರೆ ದಾರಿ ಬಿಟ್ಟು ಕಾಲುವೆಗೆ ಇಳಿದು ನಿಲ್ಲುತ್ತಿದ್ದ.

ಮಾಳಸಿದ್ದನ ಪತ್ತೆ ಇರಲಿಲ್ಲ. ಕಬ್ಬಿನೊಳಗಿಂದ ಸೀದಾ ನಿಪ್ಪಾಣಿಗೆ ಓಡಿದ್ದನಂತೆ. ಖೋಲಿಗೆ ಕೀಲಿ ಬಿದ್ದಿತ್ತು, ಕೀಲಿಕೈ ಹೆಂಡತಿಯ ಸೊಂಟದಲ್ಲಿತ್ತು. ವಖಾರಿಯಲ್ಲೇ ತಂಬಾಕಿನ ಚೀಲದ ಮೇಲೆ ಮಲಗುತ್ತಾನೆ ಎಂದು ಯಾರೋ ಹೇಳಿದರು. ಹೊಳೆವ್ವ ಮಗನ ಹೆಸರು ಎತ್ತಲಿಲ್ಲ. ಶುಭಾಂಗಿಯೂ ಎತ್ತಲಿಲ್ಲ. ಇಬ್ಬರೂ ಹೆಂಗಸರು ಈ ಒಂದು ವಿಷಯದಲ್ಲಿ ಮೊದಲ ಸಲ ಒಂದಾಗಿದ್ದರು.

ಹೀಗಿರುವಾಗ ಓಣಿಯವರು ಒಂದು ಸಂಜೆ ಕಾಮಣ್ಣನ ಬಾಗಿಲಿಗೆ ಬಂದರು. "ಹೊಳೆವ್ವಾಯಿ ಹಿತ್ತಲದಾಗ ಕಣಕಿ ಬಣವಿ ಹಿಂದ ಏನೋ ಐತಿ. ದೀಪ ಹಚ್ಚು ಹೊತ್ತಿಗೆ ಬರತೈತಿ. ಮನಿ ಕಡೆ ನೋಡ್ಕೋತ ನಿಂದರತೈತಿ. ನಿನಗ ಇದರ ರೂಢಿ ಐತಿ, ನೋಡು."

"ನನಗ ಯಾವ ರೂಢೀನೂ ಇಲ್ಲ" ಎಂದ ಕಾಮಣ್ಣ. ಗಂಗಾ ಅವನ ಕೈಗೆ ಬಡಿಗೆ ಕೊಟ್ಟು ಹೊರಗೆ ನೂಕಿದಳು.

ಹಿತ್ತಿಲಲ್ಲಿ ಇನ್ನೂ ಬೆಳಕು ಪೂರ್ತಿ ಹೋಗಿರಲಿಲ್ಲ. ಮೇವಿನ ಬಣವಿ ಕಪ್ಪಗೆ ನಿಂತಿತ್ತು. ಅದರ ಬುಡದಲ್ಲಿ ಏನೋ ಕುಕ್ಕರಗಾಲಲ್ಲಿ ಕೂತಿತ್ತು. ಮೈತುಂಬ ಹುಲ್ಲು ಅಂಟಿತ್ತು. ತಂಬಾಕಿನ ವಾಸನೆ ಬರುತ್ತಿತ್ತು. ಕಾಮಣ್ಣ ಬಡಿಗೆ ಎತ್ತಿದ. ಅದು ತಾನಾಗಿಯೇ ಕೈಯಿಂದ ಜಾರಿ ಅವನ ಕಾಲ ಮೇಲೇ ಬಿತ್ತು.

"ಕಾಮಣ್ಣಾ, ಸಣ್ಣಗ" ಎಂದಿತು ಅದು. "ಅವ್ವನ ಸಿಟ್ಟ ಇಳದೈತೇನ?"

ಕಾಮಣ್ಣ ನಿಲ್ಲಲಿಲ್ಲ. ಹೊಳೆವ್ವನ ಅಂಗಳಕ್ಕೆ ಓಡಿ ಬಂದು ಕಟ್ಟೆ ಹಿಡಿದು ಕೂತ. ಹೊಳೆವ್ವ ಅಲ್ಲೇ ಕೂತು ಒಂದು ತಟ್ಟೆಯಲ್ಲಿ ರೊಟ್ಟಿ ಪಲ್ಯ ಹಾಕುತ್ತಿದ್ದಳು. ಬಾಗಿಲಲ್ಲಿ ಶುಭಾಂಗಿ ನಿಂತಿದ್ದಳು.

"ಯವ್ವಾ, ಬಣವಿ ಹಿಂದ..."

"ಗೊತ್ತೈತಿ" ಎಂದಳು ಹೊಳೆವ್ವ. "ದಿನಾ ಬರತೈತಿ. ನಾ ದಿನಾ ಒಂದು ರೊಟ್ಟಿ ಇಡ್ತೀನಿ."

"ಅದು ದೆವ್ವ ಅಲ್ಲಬೇ. ಮಾಳಸಿದ್ದ."

"ನನ್ನ ಮಗ ನಿಪ್ಪಾಣ್ಯಾಗ ದುಡ್ಯಾಕ ಹೋಗ್ಯಾನ. ಹೆಂಡ್ತಿ ಸತ್ತ ದುಃಖದಾಗ ಅದಾನ ಪಾಪ. ಅಂವ ಇಲ್ಲಿಗೆ ಯಾಕ ಬರ್ತಾನ?" ದನಿ ಸ್ವಲ್ಪ ಎತ್ತರಿಸಿಯೇ ಹೇಳಿದಳು. ಬಣವಿಯ ಹಿಂದೆ ಹುಲ್ಲು ಸರಸರ ಅಂದಿತು.

ಅವಳು ಸೊಸೆಯ ಕೈ ಹಿಡಿದು ಎದ್ದು, ತಟ್ಟೆಯನ್ನು ಹಿತ್ತಲ ಬಾಗಿಲ ಮೆಟ್ಟಿಲ ಮೇಲಿಟ್ಟು ಒಳಗೆ ಬಂದಳು. ಒಂದಿಷ್ಟು ಹೊತ್ತಿಗೆ ಒಳಗೆ ಆಡುತ್ತಿದ್ದ ಮೊಮ್ಮಗಳು ಸಮೃದ್ಧಿ ಮೆಟ್ಟಿಲಿಗೆ ಹೋಗಿ, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಣವಿಯ ಕಡೆ ನಡೆದುಬಿಟ್ಟಳು. ಕಾಮಣ್ಣ ಕಣ್ಣು ಮುಚ್ಚಿಕೊಂಡ.

ಹುಡುಗಿ ವಾಪಸು ಬಂದಾಗ ಅವಳ ಒಂದು ಕೈಯಲ್ಲಿ ತಟ್ಟೆ ಇತ್ತು, ಇನ್ನೊಂದು ಕೈಯಲ್ಲಿ ತಂದೆಯ ಬೆರಳಿತ್ತು. ಮಾಳಸಿದ್ದ ಮೈಮೇಲಿನ ಹುಲ್ಲು ಸಹಿತ ಮೆಟ್ಟಿಲ ಕೆಳಗೆ ಬಂದು, ಮುಂದೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ ನಿಂತ.

"ಆಜೀ" ಎಂದಿತು ಮಗು, "ಭೂತ ನಾಹೀ. ಪಪ್ಪಾ ಆಹೇತ."

ಹೊಳೆವ್ವ ಮಗನನ್ನು ನೋಡಲಿಲ್ಲ. ಮೊಮ್ಮಗಳಿಗೇ ಹೇಳಿದಳು.

"ದೆವ್ವ ಆದ್ರ ಅಲ್ಲೇ ಉಣ್ಲಿ. ಪಪ್ಪಾ ಆದ್ರ ಕಾಲ ತೊಳಕೊಂಡು ಒಳಗ ಬರಲಿ ಅನ್ನು."

ಶುಭಾಂಗಿ ಒಂದು ತಂಬಿಗೆ ನೀರು ತಂದು ಮೆಟ್ಟಿಲ ಮೇಲೆ ಕುಕ್ಕಿ ಇಟ್ಟು ಹೋದಳು. ಮಾಳಸಿದ್ದ ಬಗ್ಗಿ ಕಾಲು ತೊಳೆಯತೊಡಗಿದ. ಬಹಳ ಹೊತ್ತು ತೊಳೆದ. ತಂಬಿಗೆಯ ನೀರು ಮುಗಿದ ಮೇಲೂ ತೊಳೆಯುತ್ತಲೇ ಇದ್ದ.